ಹಲ್ಲಿಗೂ ಬಿಡುವು ಬೇಕು: ಅರಿಯದೆ ಹಲ್ಲು ಕೆಡಿಸುವ ರೂಢಿಗಳನ್ನು ತಿದ್ದಿಕೊಳ್ಳುವ ಬಗೆ

ಎರಡು ವರ್ಷಗಳ ಹಿಂದೆ, ತಣ್ಣೀರು ಕುಡಿದಾಗಲೆಲ್ಲ ನನ್ನ ಎಡಬದಿಯ ಮೇಲಿನ ಕೋರೆಹಲ್ಲು ಜುಮ್ಮೆನ್ನತೊಡಗಿತು. ಹುಳುಕು ಹಿಡಿದಿರಬೇಕೆಂದುಕೊಂಡು ದಂತವೈದ್ಯರ ಬಳಿ ಹೋದೆ. ಅವರು ನನ್ನ ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಹುಳುಕು ಇರಲಿಲ್ಲ. ಒಸಡು ಮೇಲಕ್ಕೆ ಸರಿದು ಹಲ್ಲಿನ ಬುಡ ಬಯಲಾಗಿತ್ತು. ಅಲ್ಲಿ ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಂಥ ಒಂದು ತೋಡು. "ಬಲಗೈಯಲ್ಲಿ ಉಜ್ಜುತ್ತೀರಿ, ಅಲ್ಲವೇ?" ಎಂದು ಕೇಳಿದರು. ಬಲಗೈಯವರ ಬಲವೆಲ್ಲ ಹೆಚ್ಚಾಗಿ ಬೀಳುವುದು ಎಡಬದಿಯ ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ಮೇಲೆ. ನನ್ನ ಬಾಯಿಯಲ್ಲಿ ಸವೆದದ್ದೂ ಅವೇ.

ಹಲ್ಲನ್ನು ಅಲಕ್ಷಿಸಿದವರ ಹಲ್ಲು ಹಾಳಾಗುವುದನ್ನು ಎಲ್ಲರೂ ಬಲ್ಲರು. ಕಾಳಜಿ ಮಾಡಿಯೂ ಹಾಳುಮಾಡಿಕೊಳ್ಳಬಹುದು ಎಂಬುದು ನನಗೆ ತಿಳಿದದ್ದು ಆ ದಿನ. ಅಲ್ಲಿಂದೀಚೆಗೆ ಈ ವಿಷಯವನ್ನು ಓದುತ್ತ, ಕೇಳುತ್ತ, ಮನೆಯವರ ಮತ್ತು ಗೆಳೆಯರ ರೂಢಿಗಳನ್ನು ಗಮನಿಸುತ್ತ ಬಂದಿದ್ದೇನೆ. ಒಂದು ಮಾತು ಖಚಿತವಾಯಿತು: ಒಂದೇ ದಿನದ ತಪ್ಪಿಗೆ ಹಲ್ಲು ಕೆಡುವುದು ಅಪರೂಪ. ಹಲ್ಲು ತನ್ನನ್ನು ತಾನು ಸರಿಪಡಿಸಿಕೊಳ್ಳಲು ಬೇಕಾದ ಬಿಡುವನ್ನು ದಿನವೂ ಸ್ವಲ್ಪಸ್ವಲ್ಪವೇ ಕಸಿಯುವ ರೂಢಿಗಳಿಂದ ಅದು ಕೆಡುತ್ತದೆ. ಆ ರೂಢಿಗಳನ್ನು ಒಂದೊಂದಾಗಿ ತಿದ್ದುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೋಗಬೇಡಿ. ಒಂದು ಹೆಜ್ಜೆ ಕೈಗೆ ಹತ್ತಿದ ಮೇಲೆ ಮುಂದಿನದಕ್ಕೆ ಹೋಗಿ.

ಮೊದಲು ತಿಳಿಯಬೇಕಾದದ್ದು: ಹಲ್ಲು ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜವೇ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಎನಾಮಲ್‌ನ ಒಂದು ಚಕ್ಕೆ ಎದ್ದುಹೋದರೆ ಅದು ಮತ್ತೆ ಬೆಳೆಯುವುದಿಲ್ಲ.

ಇಷ್ಟು ಗಟ್ಟಿಯಾದ ವಸ್ತು ಆಮ್ಲಕ್ಕೆ ಮಾತ್ರ ಸೋಲುತ್ತದೆ. ಹಲ್ಲಿನ ಮೇಲೆ ಅಂಟಂಟಾಗಿ ಕೂರುವ ಪೊರೆಗೆ ಪ್ಲಾಕ್ ಎನ್ನುತ್ತಾರೆ. ಅದು ಬ್ಯಾಕ್ಟೀರಿಯಾಗಳ ವಸತಿ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲವನ್ನು ಬಿಡುತ್ತವೆ. ಆಮ್ಲದ ತೀವ್ರತೆಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಹಲ್ಲಿನ ಮೇಲ್ಮೈಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ. ಒಸಡು ಸರಿದು ಬಯಲಾದ ಬುಡಕ್ಕೆ ಎನಾಮಲ್‌ನ ರಕ್ಷಣೆಯಿಲ್ಲ. ಅದು ಇನ್ನೂ ಮೊದಲೇ, ಪಿಎಚ್ 6 ದಾಟಿರುವಾಗಲೇ ಕರಗಬಲ್ಲದು. ವಯಸ್ಸಾದವರ ಹಲ್ಲಿನ ಬುಡದಲ್ಲಿ ಹುಳುಕು ಬೇಗ ಹರಡುವುದಕ್ಕೆ ಇದೂ ಒಂದು ಕಾರಣ.

1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಅಮೆರಿಕದ ಸಂಶೋಧಕರು ಪ್ಲಾಕ್‌ನ ಪಿಎಚ್ ಅಳೆದು ನೋಡಿದರು. ಸಕ್ಕರೆ ನೀರು ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಿಎಚ್ ಸರ್ರನೆ ಇಳಿಯಿತು. ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಿತು. ಅದನ್ನು ಮರಳಿಸುವುದು ಜೊಲ್ಲುರಸ. ಅದು ಆಮ್ಲವನ್ನು ತೊಳೆಯುತ್ತದೆ, ತಟಸ್ಥಗೊಳಿಸುತ್ತದೆ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಕರಗಿದ ಜಾಗಕ್ಕೆ ಮತ್ತೆ ತುಂಬುತ್ತದೆ. ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲುರಸ ಊರುತ್ತದೆ. ಎಲ್ಲ ಟೂತ್‌ಪೇಸ್ಟ್‌ಗಳಿಗಿಂತ ದೊಡ್ಡ ಔಷಧ ಅದು. ಅದಕ್ಕೆ ಬೇಕಾದದ್ದು ಸಮಯ ಮಾತ್ರ.

ಈ ಇಳಿತ ಮತ್ತು ಏರಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಹೇಳುವ ಅರ್ಧಕ್ಕರ್ಧ ಮಾತಿಗೆ ಇದೇ ಆಧಾರ.

ಹೆಜ್ಜೆ 1: ಎರಡು ದಿನ ಬರೆದಿಡಿ

ಒಂದು ರಜೆಯ ದಿನ, ಒಂದು ಕೆಲಸದ ದಿನ. ನೀರೊಂದನ್ನು ಬಿಟ್ಟು ಬಾಯಿಗೆ ಹೋದ ಪ್ರತಿಯೊಂದನ್ನೂ ಗಂಟೆಯ ಸಮೇತ ಬರೆಯಿರಿ. ಅರ್ಧ ಬಿಸ್ಕತ್ತು, ಒಂದು ಗುಟುಕು ಕಾಫಿ, ಗಂಟಲಿಗೆಂದು ಚೀಪಿದ ಗುಳಿಗೆ, ಯಾವುದನ್ನೂ ಬಿಡಬೇಡಿ. ಎಷ್ಟು ತಿಂದಿರೆಂಬುದು ಮುಖ್ಯವಲ್ಲ. ಎಷ್ಟು ಸಲ ಮತ್ತು ಎಷ್ಟು ಹೊತ್ತು ಎಂಬುದು ಮುಖ್ಯ.

ಜೊತೆಗೆ ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ಐದು ನಿಮಿಷ ನಿಲ್ಲಿ. ಒಸಡಿನ ಅಂಚು ಕೆಂಪಗೆ ಊದಿಕೊಂಡಿದೆಯೇ? ಹಲ್ಲಿನ ಬುಡದಲ್ಲಿ ಸುಣ್ಣದಂತೆ ಮಾಸಲು ಬಿಳಿಯ ಕಲೆಗಳಿವೆಯೇ? ಬಾಚಿಹಲ್ಲುಗಳ ಅಂಚು ಸಪಾಟಾಗಿ ಸವೆದಿದೆಯೇ? ಒಂದು ಕೋರೆಹಲ್ಲು ಇನ್ನೊಂದಕ್ಕಿಂತ ಉದ್ದವಾಗಿ ಕಾಣುತ್ತಿದೆಯೇ? ಹಲ್ಲು ಬೆಳೆದು ಉದ್ದವಾದದ್ದಲ್ಲ ಅದು, ಒಸಡು ಹಿಂದೆ ಸರಿದದ್ದು. ಕಂಡದ್ದನ್ನು ಅದೇ ಚೀಟಿಯಲ್ಲಿ ಬರೆದಿಡಿ.

ಆ ಬಿಳಿ ಕಲೆಗಳ ಬಗ್ಗೆ ಒಂದು ಮಾತು. ಮೇಲ್ಮೈ ಇನ್ನೂ ಕುಳಿಬೀಳದೆ ಗಟ್ಟಿಯಾಗಿದ್ದರೆ ಅದು ಹುಳುಕಿನ ಮೊದಲ ಹಂತವಿರಬಹುದು. ಈ ಹಂತದಲ್ಲಿ ಟೂತ್‌ಪೇಸ್ಟಿನಲ್ಲಿರುವ ಫ್ಲೋರೈಡ್ ಮತ್ತು ಶಿಸ್ತಿನಿಂದ ಅದನ್ನು ತಡೆದು ನಿಲ್ಲಿಸಬಹುದು. ಕುಳಿಬಿದ್ದ ಮೇಲೆ ತುಂಬಿಸದೆ ಗತಿಯಿಲ್ಲ. ಬೇಗ ನೋಡಿಕೊಳ್ಳಿ ಎಂದು ಹೇಳುವುದು ಅದಕ್ಕೇ.

ಹೆಜ್ಜೆ 2: ಬಾಯಿಗೆ ಬಿಡುವು ಕೊಡಿ

ನನ್ನ ತಿಳಿವಳಿಕೆಯಲ್ಲಿ ಎಲ್ಲ ರೂಢಿಗಳಿಗಿಂತ ಹೆಚ್ಚು ಹಾನಿ ಮಾಡುವುದು, ಎಲ್ಲಕ್ಕಿಂತ ಕಡಿಮೆ ಕಣ್ಣಿಗೆ ಬೀಳುವುದು ಇದು: ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು, ಚೂರು ಚೂರಾಗಿ ತಿನ್ನುವುದು.

ಮೇಜಿನ ಮೇಲೆ ಸಿಹಿ ಕಾಫಿಯ ಲೋಟ ಇಟ್ಟುಕೊಂಡು ಎರಡು ಗಂಟೆ ಕೆಲಸ ಮಾಡುವವರನ್ನು ನೋಡಿ. ಹತ್ತು ನಿಮಿಷಕ್ಕೊಂದು ಗುಟುಕು. ಜೊಲ್ಲುರಸ ಪಿಎಚ್ಚನ್ನು ಮೇಲೆತ್ತುವಷ್ಟರಲ್ಲಿ ಮುಂದಿನ ಗುಟುಕು ಬಂದು ಕೆಳಗೆ ತಳ್ಳುತ್ತದೆ. ಆ ಲೋಟದಲ್ಲಿರುವುದು ಎರಡೇ ಚಮಚ ಸಕ್ಕರೆಯಾಗಿರಬಹುದು. ಹಲ್ಲಿಗೆ ಅದು ಎರಡು ಗಂಟೆಯ ಆಮ್ಲದ ಸ್ನಾನ. ಅದೇ ಕಾಫಿಯನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದು ಮುಗಿಸಿದರೆ ಹಾನಿ ಬಹಳಷ್ಟು ತಗ್ಗುತ್ತದೆ.

ಇದಕ್ಕೆ ಸಾಕ್ಷ್ಯ ಸಿಕ್ಕಿದ ಬಗೆ ಮಾತ್ರ ನೋವಿನದು. ಸ್ವೀಡನ್ನಿನ ಲುಂಡ್‌ನಲ್ಲಿದ್ದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಅಲ್ಲಿದ್ದವರು ಬೌದ್ಧಿಕ ನ್ಯೂನತೆಯುಳ್ಳವರು, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಕೆಲವರಿಗೆ ಊಟದ ಜೊತೆ ಸಕ್ಕರೆ ಕೊಟ್ಟರು. ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳುವಂತೆ ಮಾಡಿದ ಟಾಫಿಯನ್ನು ಊಟಗಳ ನಡುವೆ ಕೊಟ್ಟರು. ಊಟದೊಂದಿಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟೇನೂ ಏರಲಿಲ್ಲ. ಊಟಗಳ ನಡುವೆ ಟಾಫಿ ತಿಂದವರ ಹಲ್ಲುಗಳು ತೀವ್ರವಾಗಿ ಕೆಟ್ಟವು. ಯಾರೂ ಕೇಳದೆ ಅವರಿಂದ ಕಿತ್ತುಕೊಂಡ ಈ ತಿಳಿವಳಿಕೆಯನ್ನು ಇಂದಿಗೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಸರಿಯೆನಿಸುವುದಿಲ್ಲ.

ಆಚರಣೆಗೆ ತರುವುದು ಹೀಗೆ. ನಿಮ್ಮ ಚೀಟಿಯಲ್ಲಿ ಎಣಿಸಿ: ಸಿಹಿ ಅಥವಾ ಹುಳಿ ಬಾಯಿಗೆ ಹೋದ ಸಲಗಳು ಎಷ್ಟು? ಎಂಟು ಹತ್ತು ಇದ್ದರೆ, ಅವನ್ನು ನಾಲ್ಕೈದಕ್ಕೆ ಇಳಿಸುವುದು ಮೊದಲ ಗುರಿ. ತಿನ್ನಬೇಕೆಂದಿರುವ ಸಿಹಿಯನ್ನು ಊಟದ ಕೊನೆಗೇ ತಿಂದುಬಿಡಿ. ಆಗ ಜೊಲ್ಲುರಸ ಹೇಗೂ ಹೆಚ್ಚು ಹರಿಯುತ್ತಿರುತ್ತದೆ. ನಡುವೆ ಕುಡಿಯುವುದಕ್ಕೆ ನೀರು. ಸಿಹಿಯಿಲ್ಲದ ಚಹಾ ಅಥವಾ ಕಾಫಿಯಾದರೂ ಆದೀತು. ಊಟವಾದ ಮೇಲೆ ಇಪ್ಪತ್ತು ನಿಮಿಷ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಅಗಿದರೆ ಜೊಲ್ಲುರಸ ಹೆಚ್ಚುತ್ತದೆ. ದವಡೆ ನೋವಿರುವವರು ಇದನ್ನು ಬಿಡಬೇಕು.

ಹಲ್ಲಿಗೆ ಅಂಟುವ ತಿನಿಸು ಚಾಕೊಲೇಟಿಗಿಂತ ಕೆಟ್ಟದ್ದಿರಬಹುದು. ಬಿಸ್ಕತ್ತು ಮತ್ತು ಚಿಪ್ಸ್‌ನ ಹಿಟ್ಟು ದವಡೆಹಲ್ಲಿನ ಗುಳಿಗಳಲ್ಲಿ ಕೂತುಬಿಡುತ್ತದೆ; ಒಣಹಣ್ಣು ಆರೋಗ್ಯಕರವೆಂಬ ಹೆಸರಿನಲ್ಲೇ ಸಂದುಗಳಿಗೆ ಮೆತ್ತಿಕೊಳ್ಳುತ್ತದೆ. ತಿನ್ನಬಾರದೆಂದಲ್ಲ, ತಿಂದು ಬಾಯಿ ಮುಕ್ಕಳಿಸಿ.

ಇನ್ನು ನೇರವಾಗಿ ಆಮ್ಲವೇ ಇರುವ ಪಾನೀಯಗಳು. ಕೋಲಾದ ಪಿಎಚ್ ಸುಮಾರು 2.5. ನಿಂಬೆರಸದ್ದು ಅದಕ್ಕಿಂತಲೂ ತುಸು ಕೆಳಗೆ ಇರಬಹುದು. ಇಲ್ಲಿ ಬ್ಯಾಕ್ಟೀರಿಯಾದ ಹಂಗೇ ಇಲ್ಲ, ಪಾನೀಯವೇ ಎನಾಮಲ್ ಮೆದುಗೊಳಿಸುತ್ತದೆ. ಸಕ್ಕರೆ ಇಲ್ಲದ ಡಯಟ್ ಸೋಡಾಕ್ಕೂ ಈ ಮಾತು ಅನ್ವಯಿಸುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ನಿಂಬೆಹಣ್ಣಿನ ನೀರು ಕುಡಿಯುವ ರೂಢಿ ಇದ್ದರೆ ಬಾಯಲ್ಲಿ ಇಟ್ಟುಕೊಂಡು ಆಡಿಸಬೇಡಿ, ಒಮ್ಮೆಗೇ ಕುಡಿದು ನೀರಿನಿಂದ ಮುಕ್ಕಳಿಸಿ. ಕುಡಿದ ಕೂಡಲೇ ಹಲ್ಲುಜ್ಜಲೂ ಬೇಡಿ; ಮೆದುವಾದ ಮೇಲ್ಮೈಯನ್ನು ಬ್ರಷ್ ಕೆರೆದುಹಾಕುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ವಾಂತಿಯಾದಾಗಲೂ ಇದೇ ಕ್ರಮ: ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಮುಕ್ಕಳಿಸಿ, ಉಗುಳಿ, ಕಾಯಿರಿ. ಹುಳಿತೇಗು, ಎದೆಯುರಿ ಪದೇ ಪದೇ ಬರುತ್ತಿದ್ದರೆ ಹಲ್ಲಿನ ಹಿಂಬದಿ ಸವೆಯುತ್ತಿರಬಹುದು. ಅದಕ್ಕೆ ಹೊಟ್ಟೆಯ ಚಿಕಿತ್ಸೆಯೇ ಆಗಬೇಕು.

ಬಾಯಿ ಒಣಗುವವರು ಇನ್ನೂ ಎಚ್ಚರದಿಂದಿರಬೇಕು. ಅಲರ್ಜಿಯ ಮಾತ್ರೆಗಳು, ಖಿನ್ನತೆಯ ಮತ್ತು ರಕ್ತದೊತ್ತಡದ ಕೆಲವು ಔಷಧಗಳು ಜೊಲ್ಲುರಸವನ್ನು ತಗ್ಗಿಸುತ್ತವೆ. ಬಾಯಲ್ಲಿ ಉಸಿರಾಡುವವರಿಗೂ ಬಾಯಿ ಆರುತ್ತದೆ. ಔಷಧವನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ. ಬಾಯಿ ಆರುತ್ತದೆಂದು ಸಿಹಿ ಗುಳಿಗೆ ಚೀಪುತ್ತ ಕೂರುವುದನ್ನಂತೂ ಮಾಡಲೇಬೇಡಿ.

ಹೆಜ್ಜೆ 3: ರಾತ್ರಿ ಉಜ್ಜುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ದಿನಕ್ಕೆ ಎರಡು ಸಲ ಉಜ್ಜಬೇಕು. ಎರಡರಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ರಾತ್ರಿಯದು ಎನ್ನುತ್ತೇನೆ. ನಿದ್ದೆಯಲ್ಲಿ ಜೊಲ್ಲುರಸ ಊರುವುದು ಬಹುಮಟ್ಟಿಗೆ ನಿಂತೇಹೋಗುತ್ತದೆ. ಹಗಲಿನಲ್ಲಿ ಅರ್ಧ ಗಂಟೆಯಲ್ಲಿ ತೊಳೆದುಹೋಗುವ ಆಮ್ಲ ರಾತ್ರಿ ಗಂಟೆಗಟ್ಟಲೆ ಉಳಿಯುತ್ತದೆ. ಆದರೂ ಬೆಳಗ್ಗೆ ಶ್ರದ್ಧೆಯಿಂದ ಉಜ್ಜಿ ರಾತ್ರಿ ಹಾಗೇ ಮಲಗುವವರೇ ಹೆಚ್ಚು. ಬೆಳಗಿನ ಉಜ್ಜುವಿಕೆ ನಾಲ್ಕು ಜನರ ಮುಂದೆ ಹೋಗುವ ಬಾಯಿಗಾಗಿ, ರಾತ್ರಿಯದು ಹಲ್ಲಿಗಾಗಿ.

ಮಲಗುವ ಹೊತ್ತಿಗೆ ದಣಿದಿರುತ್ತೇವೆ ಎಂಬುದೇ ಇದರ ತೊಡಕು. ನನಗೆ ಸಹಾಯವಾದ ಉಪಾಯ: ರಾತ್ರಿ ಊಟವಾಗಿ ಅರ್ಧ ಮುಕ್ಕಾಲು ಗಂಟೆಗೇ ಉಜ್ಜಿಬಿಡುವುದು. ಆಮೇಲೆ ನೀರೊಂದನ್ನು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಇದರಿಂದ ತಡರಾತ್ರಿ ಏನನ್ನಾದರೂ ಮೆಲ್ಲುವ ಚಾಳಿಯೂ ತಾನಾಗಿ ಬಿಟ್ಟುಹೋಯಿತು.

ಇನ್ನೊಂದು ತಿದ್ದುಪಡಿ ಹಲವರಿಗೆ ವಿಚಿತ್ರವೆನಿಸಬಹುದು: ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ಆದರೆ ನೀರು ತುಂಬಿ ಗಳಗಳನೆ ಮುಕ್ಕಳಿಸಬೇಡಿ. ಟೂತ್‌ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿದಷ್ಟು ಹೊತ್ತು ಕೆಲಸ ಮಾಡುತ್ತದೆ. ಅದು ಸೇರಿಕೊಂಡ ಖನಿಜ ಮೊದಲಿನದಕ್ಕಿಂತ ಆಮ್ಲಕ್ಕೆ ಹೆಚ್ಚು ತಾಳಿಕೊಳ್ಳುತ್ತದೆ. ಸುಮಾರು ಪಿಎಚ್ 4.5ರವರೆಗೂ ಕರಗದೆ ನಿಲ್ಲಬಲ್ಲದು. ನೀರು ಹಾಕಿ ತೊಳೆದರೆ ಆ ಲಾಭವನ್ನೆಲ್ಲ ಚರಂಡಿಗೆ ಬಿಟ್ಟಂತೆ. ಮೊದಲ ಒಂದು ವಾರ ಬಾಯಿ ಜಿಡ್ಡೆನಿಸುತ್ತದೆ, ಆಮೇಲೆ ಒಗ್ಗುತ್ತದೆ. ಉಜ್ಜಿದ ಕೂಡಲೇ ಮೌತ್‌ವಾಷ್ ಬಳಸುವುದೂ ಇದೇ ತಪ್ಪು. ಬಳಸಬೇಕೆಂದಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಬಳಸಿ.

ಟೂತ್‌ಪೇಸ್ಟ್ ಕೊಳ್ಳುವಾಗ ಡಬ್ಬಿಯ ಮುಂಭಾಗದ ಬಣ್ಣದ ಮಾತುಗಳನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಿ. ದೊಡ್ಡವರಿಗೆ ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ ಎಂಬ ಅಳತೆ) ಇರಬೇಕು. ಅದು ಇದ್ದರೆ ಉಳಿದದ್ದೆಲ್ಲ ರುಚಿಯ ವಿಷಯ.

ಹೆಜ್ಜೆ 4: ಕೈ ಹಗುರ ಮಾಡಿ

ಮೆತ್ತನೆಯ ಎಳೆಗಳ, ಸಣ್ಣ ತಲೆಯ ಬ್ರಷ್ ಸಾಕು. ಗಟ್ಟಿ ಬ್ರಷ್ ಹೆಚ್ಚು ಶುಚಿ ಮಾಡುತ್ತದೆ ಎಂಬ ನಂಬಿಕೆ ನನ್ನಲ್ಲೂ ಬಲವಾಗಿತ್ತು. ಪಾತ್ರೆಯ ತಳಕ್ಕೆ ಹತ್ತಿದ ಮಸಿಯಂತೆ ಪ್ಲಾಕ್ ಗಟ್ಟಿಯಾಗಿರುತ್ತದೆ ಎಂದುಕೊಂಡಿದ್ದೆ. ನಿಜದಲ್ಲಿ ಅದು ಮೆದುವಾದ ಲೋಳೆ. ಹಗುರವಾಗಿ ಸವರಿದರೂ ಹೋಗುತ್ತದೆ. ಅದು ಬಿಡದೆ ಉಳಿದು, ಜೊಲ್ಲುರಸದ ಖನಿಜ ಸೇರಿ ಗಟ್ಟಿಯಾದರೆ ಟಾರ್ಟರ್ ಆಗುತ್ತದೆ. ಟಾರ್ಟರನ್ನು ಎಷ್ಟು ಬಲವಾಗಿ ಉಜ್ಜಿದರೂ ಬ್ರಷ್ ತೆಗೆಯಲಾರದು. ಅಂದರೆ, ಬಲ ಹಾಕಿ ಉಜ್ಜಬೇಕಾದ ವಸ್ತು ಬಾಯಿಯೊಳಗೆ ಯಾವುದೂ ಇಲ್ಲ.

ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿಯಿರಿ. ಇದೊಂದರಿಂದಲೇ ಒತ್ತಡ ಇಳಿಯುತ್ತದೆ. ಎಳೆಗಳ ತುದಿ ಹಲ್ಲೂ ಒಸಡೂ ಸೇರುವ ಗೆರೆಯ ಕಡೆಗೆ ವಾಲಿರಲಿ, ಸುಮಾರು 45 ಡಿಗ್ರಿ. ಅಲ್ಲೇ ಸಣ್ಣಗೆ ಅಲುಗಾಡಿಸಿ, ಆಮೇಲೆ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಿ. ಅಡ್ಡಡ್ಡ ಗರಗಸದಂತೆ ಎಳೆಯಬೇಡಿ. ಬಾಯಿಯನ್ನು ನಾಲ್ಕು ಭಾಗ ಮಾಡಿಕೊಂಡು ಒಂದೊಂದಕ್ಕೆ ಅರ್ಧ ನಿಮಿಷ, ಒಟ್ಟು ಎರಡು ನಿಮಿಷ. ಗಡಿಯಾರ ನೋಡದೆ ಉಜ್ಜಿದರೆ ಎರಡು ನಿಮಿಷ ಆಯಿತೆಂದುಕೊಂಡಾಗ ಒಂದು ನಿಮಿಷವೂ ಆಗಿರುವುದಿಲ್ಲ. ಮೊಬೈಲಿನಲ್ಲಿ ಸಮಯ ಇಟ್ಟು ನೋಡಿ. ಪ್ರತಿಸಲ ಒಂದೇ ಕಡೆಯಿಂದ ಶುರುಮಾಡುತ್ತಿದ್ದರೆ ಬದಲಿಸಿ. ಬಹುಮಂದಿ ಮರೆಯುವ ಜಾಗ ಕೆಳಗಿನ ಬಾಚಿಹಲ್ಲುಗಳ ಒಳಬದಿ. ನಾಲಿಗೆಯಡಿಯ ಜೊಲ್ಲುರಸದ ಗ್ರಂಥಿಗಳು ಅಲ್ಲೇ ತೆರೆಯುವುದರಿಂದ ಟಾರ್ಟರ್ ಮೊದಲು ಕಟ್ಟುವುದೂ ಅಲ್ಲಿ.

ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು. ಅದಕ್ಕೂ ಮೊದಲೇ ಎಳೆಗಳು ಹೊರಕ್ಕೆ ಬಾಗಿದ್ದರೆ ಬ್ರಷ್ ಕೆಟ್ಟದ್ದೆಂದು ಬಗೆಯಬೇಡಿ, ನಿಮ್ಮ ಕೈ ಭಾರವಾಗಿದೆ ಎಂದು ತಿಳಿಯಿರಿ.

ಹಲ್ಲು ಬೆಳ್ಳಗಾಗಲೆಂದು ಇದ್ದಿಲ ಪುಡಿ, ಉಪ್ಪು, ನಿಂಬೆಹೋಳು ಇವುಗಳಿಂದ ಉಜ್ಜುವವರಿದ್ದಾರೆ. ಮೊದಲ ಕೆಲವು ದಿನ ಹೊಳಪು ಕಾಣುವುದು ನಿಜ, ಮೇಲಿನ ಕಲೆ ಕೆರೆದುಹೋಗಿರುತ್ತದೆ. ಆದರೆ ಎನಾಮಲ್ ತೆಳುವಾದಂತೆ ಒಳಗಿನ ಹಳದಿ ಡೆಂಟಿನ್ ಹೆಚ್ಚು ಕಾಣುತ್ತದೆ. ಬಿಳುಪಿಗೆಂದು ಕೆರೆದವರ ಹಲ್ಲು ಕೊನೆಗೆ ಹಳದಿಯಾಗುವುದು ಹೀಗೆ.

ಹೆಜ್ಜೆ 5: ಸಂದುಗಳನ್ನು ಮರೆಯಬೇಡಿ, ರಕ್ತ ಕಂಡರೆ ನಿಲ್ಲಿಸಬೇಡಿ

ಹಲ್ಲಿಗೆ ಐದು ಮುಖ. ಬ್ರಷ್ ಮುಟ್ಟುವುದು ಮೂರನ್ನು ಮಾತ್ರ. ಪಕ್ಕದ ಹಲ್ಲಿಗೆ ತಾಗಿರುವ ಎರಡು ಮುಖಗಳಿಗೆ ಫ್ಲಾಸ್ ಎಂಬ ತೆಳುದಾರ ಅಥವಾ ಸಂದಿಗೆಂದೇ ಇರುವ ಪುಟ್ಟ ಬ್ರಷ್ ಬೇಕು. ದಿನಕ್ಕೊಮ್ಮೆ ಸಾಕು. ಫ್ಲಾಸನ್ನು ನೇರವಾಗಿ ಕೆಳಕ್ಕೆ ಕುಟ್ಟಿದರೆ ಒಸಡು ಕೊಯ್ಯುತ್ತದೆ. ಹಲ್ಲಿಗೆ ತಬ್ಬಿದಂತೆ ಬಾಗಿಸಿ, ಮೇಲೆ ಕೆಳಗೆ ಆಡಿಸಿ, ಆಮೇಲೆ ಪಕ್ಕದ ಹಲ್ಲಿಗೆ ಹಾಗೆಯೇ ಮಾಡಿ. ಪಿನ್ನು, ಬೆಂಕಿಕಡ್ಡಿ, ಹೊಲಿಗೆಯ ಸೂಜಿಗಳಿಂದ ಸಂದು ಕೆದಕುವುದನ್ನು ಇವತ್ತೇ ಬಿಡಿ. ಒಂದೇ ಸಂದಿನಲ್ಲಿ ದಿನವೂ ಆಹಾರ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕೋ ಸಡಿಲಾದ ಫಿಲ್ಲಿಂಗೋ ಇರಬಹುದು, ತೋರಿಸಬೇಕು.

ಈಗ ಬಹಳ ಜನ ತಪ್ಪು ತಿಳಿದಿರುವ ಒಂದು ವಿಷಯ. ಉಜ್ಜುವಾಗ ರಕ್ತ ಬಂದರೆ ಹೆದರಿ ಆ ಜಾಗವನ್ನು ಬಿಟ್ಟು ಉಜ್ಜುತ್ತಾರೆ. ರಕ್ತ ಬರುವುದೇ ಸಾಮಾನ್ಯವಾಗಿ ಅಲ್ಲಿ ಪ್ಲಾಕ್ ಕೂತು ಒಸಡು ಉರಿಗೊಂಡಿರುವುದರಿಂದ. ಬಿಟ್ಟುಬಿಟ್ಟರೆ ಪ್ಲಾಕ್ ಇನ್ನಷ್ಟು ಕೂರುತ್ತದೆ, ರಕ್ತ ಇನ್ನಷ್ಟು ಬರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಅದೇ ಜಾಗವನ್ನು ಹಗುರವಾಗಿ, ತಪ್ಪದೆ ಶುಚಿ ಮಾಡಿ. ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರ ಬಳಿ ಹೋಗಲೇಬೇಕು, ಏಕೆಂದರೆ ಒಸಡಿನ ರೋಗ ಒಳಗಿನ ಮೂಳೆಯನ್ನು ನೋವಿಲ್ಲದೆ ತಿನ್ನುತ್ತದೆ. ಹಲ್ಲು ಅಲುಗಾಡಿದಾಗ ತಿಳಿದರೆ ಬಹಳ ತಡವಾಗಿರುತ್ತದೆ. ಮಧುಮೇಹ ಇರುವವರು ಇದನ್ನು ಇನ್ನೂ ಗಂಭೀರವಾಗಿ ನೋಡಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ.

ಹೆಜ್ಜೆ 6: ಹಲ್ಲನ್ನು ಹತಾರ ಮಾಡಬೇಡಿ

ಇದರಲ್ಲಿ ವಿವರಿಸುವುದು ಹೆಚ್ಚಿಲ್ಲ. ಬಾಟಲಿಯ ಮುಚ್ಚಳ, ಪ್ಲಾಸ್ಟಿಕ್ ಪೊಟ್ಟಣ, ನೂಲಿನ ತುದಿ ಇವಕ್ಕೆ ಕತ್ತರಿ ಇದೆ. ಮಂಜುಗಡ್ಡೆ ಕಡಿಯುವುದರಿಂದ ಹಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಅದು ವರ್ಷಗಳ ನಂತರ ಮೆತ್ತನೆಯ ಬ್ರೆಡ್ಡು ತಿನ್ನುವಾಗ ಫಕ್ಕನೆ ಮುರಿಯಬಹುದು. ಉಗುರು, ಪೆನ್ನಿನ ತುದಿ ಕಚ್ಚುವುದು ಬಾಚಿಹಲ್ಲಿನ ಅಂಚು ಸವೆಸುತ್ತದೆ, ದವಡೆಯ ಕೀಲನ್ನೂ ನೋಯಿಸುತ್ತದೆ.

ಇದೇ ಸಾಲಿಗೆ ಸೇರಿದರೂ ಬೇರೆಯಾಗಿ ಹೇಳಬೇಕಾದದ್ದು ನಿದ್ದೆಯಲ್ಲಿ ಹಲ್ಲು ಕಡಿಯುವುದು. ಕಡಿಯುವವರಿಗೆ ಅದು ಗೊತ್ತೇ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಕರಕರ ಸದ್ದು ಕೇಳಿಸುತ್ತದೆ. ಬೆಳಗ್ಗೆ ಏಳುವಾಗ ದವಡೆ ಬಿಗಿದಿರುವುದು, ಕಪಾಲದ ಎರಡೂ ಬದಿ ನೋಯುವುದು, ಹಲ್ಲಿನ ತುದಿಗಳು ಸಪಾಟಾಗಿರುವುದು ಇದರ ಗುರುತು. ಹಗಲಿನಲ್ಲಿ ಒತ್ತಡದ ಕೆಲಸದ ನಡುವೆ ಹಲ್ಲು ಕಚ್ಚಿ ಹಿಡಿಯುವವರೂ ಬಹಳ. ತುಟಿ ಸೇರಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ಅದೇ ದವಡೆಯ ವಿಶ್ರಾಂತಿ. ಕಂಪ್ಯೂಟರಿನ ಅಂಚಿಗೆ ಒಂದು ಬಣ್ಣದ ಚುಕ್ಕೆ ಅಂಟಿಸಿ, ಅದು ಕಣ್ಣಿಗೆ ಬಿದ್ದಾಗಲೆಲ್ಲ ದವಡೆ ಸಡಿಲಿಸಿ. ರಾತ್ರಿಗೆ ದಂತವೈದ್ಯರು ಅಳತೆ ತೆಗೆದು ಮಾಡಿಸಿಕೊಡುವ ಹೊದಿಕೆ ಇದೆ. ಕಡಿಯುವುದನ್ನು ಅದು ನಿಲ್ಲಿಸದಿದ್ದರೂ ಸವೆತವನ್ನು ತಾನು ತಾಳಿಕೊಳ್ಳುತ್ತದೆ.

ತಂಬಾಕು

ಸೇದುವುದಾಗಲಿ, ಅಗಿಯುವುದಾಗಲಿ, ಇದಕ್ಕೆ ತಿದ್ದುಪಡಿ ಎಂಬುದಿಲ್ಲ, ಬಿಡುವುದೊಂದೇ. ಬಾಯಿಯ ಕ್ಯಾನ್ಸರ್ ವಿಷಯ ಎಲ್ಲರೂ ಕೇಳಿದ್ದಾರೆ. ಅಷ್ಟಾಗಿ ಕೇಳದ ಒಂದು ಸಂಗತಿಯಿದೆ: ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಸೇದುವವರ ಒಸಡಿನಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ. ಎಚ್ಚರಿಸುವ ಗಂಟೆಯನ್ನೇ ಅದು ಕಟ್ಟಿಹಾಕುತ್ತದೆ. ಬಿಟ್ಟ ಹೊಸದರಲ್ಲಿ ರಕ್ತ ಹೆಚ್ಚಾದರೆ ಅದು ರಕ್ತಸಂಚಾರ ಮರಳುತ್ತಿರುವ ಲಕ್ಷಣ. ಗಾಬರಿಯಾಗಿ ಮತ್ತೆ ಶುರುಮಾಡಬೇಡಿ. ಬಾಯಿಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಗಂಟು, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ, ತಂಬಾಕು ಮುಟ್ಟದವರೂ ಕೂಡ, ಅದೇ ವಾರ ತೋರಿಸಬೇಕು.

ಮನೆಯಲ್ಲಿ ಮಕ್ಕಳಿದ್ದರೆ

ಹಾಲುಹಲ್ಲು ಹೇಗೂ ಬೀಳುತ್ತದಲ್ಲ ಎಂಬ ಮಾತಿನಷ್ಟು ಮಕ್ಕಳ ಹಲ್ಲು ಕೆಡಿಸಿದ್ದು ಇನ್ನೊಂದಿರಲಾರದು. ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಜಾಗ ಕಾಯುತ್ತದೆ. ಬೇಗ ಹೋದರೆ ಹೊಸ ಹಲ್ಲು ವಕ್ರವಾಗುತ್ತದೆ. ಸೋಂಕು ಬುಡಕ್ಕಿಳಿದರೆ ಒಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೂ ಪೆಟ್ಟು. ಮೊದಲ ಹಲ್ಲು ಕಂಡ ದಿನದಿಂದ ಉಜ್ಜಬೇಕು: ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಮಗುವಿನ ಕೈಗೇ ಬ್ರಷ್ ಕೊಟ್ಟು ಸುಮ್ಮನಾಗಬೇಡಿ. ಅದು ಉಜ್ಜಿದ ಮೇಲೆ ನೀವೊಮ್ಮೆ ಉಜ್ಜಿ. ಬಾಯಲ್ಲಿ ಹಾಲಿನ ಅಥವಾ ಹಣ್ಣಿನ ರಸದ ಬಾಟಲಿ ಇಟ್ಟು ಮಲಗಿಸುವುದು ಮೇಲಿನ ಮುಂದಿನ ಹಲ್ಲುಗಳನ್ನು ಸಾಲಾಗಿ ಹಾಳುಮಾಡುತ್ತದೆ.

ಆರನೆಯ ವರ್ಷದ ಸುಮಾರಿಗೆ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ ಒಂದು ದವಡೆಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದ್ದರಿಂದ ಹೆತ್ತವರು ಅದನ್ನೂ ಹಾಲುಹಲ್ಲೆಂದೇ ಬಗೆಯುತ್ತಾರೆ. ಅದು ಜೀವನವಿಡೀ ಇರಬೇಕಾದ ಹಲ್ಲು. ಆ ವಯಸ್ಸಿನ ಮಗು ಮನೆಯಲ್ಲಿದ್ದರೆ ಇವತ್ತೇ ಟಾರ್ಚ್ ಹಿಡಿದು ನೋಡಿ. ಅದರ ಗುಳಿಗಳನ್ನು ಮುಚ್ಚುವ ಸೀಲೆಂಟ್ ಹಾಕಿಸಬಹುದೇ ಎಂದು ದಂತವೈದ್ಯರನ್ನು ಕೇಳಿ.

ಕೊನೆಯ ಹೆಜ್ಜೆ: ನೋವಿಗಾಗಿ ಕಾಯಬೇಡಿ

ಎನಾಮಲ್‌ನಲ್ಲಿ ನರವಿಲ್ಲ. ಹುಳುಕು ಅಲ್ಲಿರುವವರೆಗೆ ನೋವೇ ಇಲ್ಲ. ಡೆಂಟಿನ್ ತಲುಪಿದಾಗ ಸಿಹಿ, ತಣ್ಣಗಿನದು ಜುಮ್ಮೆನ್ನುತ್ತದೆ. ಒಳಗಿನ ನರ ರಕ್ತನಾಳಗಳ ತಿರುಳಿಗೆ ತಲುಪಿದಾಗ ರಾತ್ರಿ ನಿದ್ದೆಗೆಡಿಸುವ ನೋವು. ಆಮೇಲೆ ಒಂದು ದಿನ ನೋವು ತಾನಾಗಿ ನಿಂತುಬಿಡುತ್ತದೆ. ಅಬ್ಬಾ ಎಂದು ನೆಮ್ಮದಿಪಡುವ ಆ ಗಳಿಗೆಯೇ ಅಪಾಯದ್ದು: ತಿರುಳು ಸತ್ತಿರಬಹುದು, ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತಿರಬಹುದು. ನೋವಿರುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಳ್ಳುವವರಿದ್ದಾರೆ. ಅದು ಒಸಡನ್ನು ಸುಡುತ್ತದೆ. ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ.

ಹಲ್ಲು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎಂಬ ಭಯ ಹಲವರನ್ನು ತಡೆಯುತ್ತದೆ. ಟಾರ್ಟರ್ ಹೋದ ಮೇಲೆ ಅದು ಮುಚ್ಚಿದ್ದ ಸಂದು ಕಾಣುತ್ತದೆ, ಊತ ಇಳಿದು ಒಸಡು ತೆಳುವಾಗುತ್ತದೆ, ಅದಕ್ಕೇ ಹಾಗೆನಿಸುತ್ತದೆ. ಹಲ್ಲು ಸಡಿಲಾಗುವುದು ಟಾರ್ಟರ್ ಉಳಿದರೆ.

ಹೋಗುವಾಗ ಆ ಎರಡು ದಿನದ ಚೀಟಿಯನ್ನೂ ನೀವು ತೆಗೆದುಕೊಳ್ಳುವ ಔಷಧಗಳ ಪಟ್ಟಿಯನ್ನೂ ಒಯ್ಯಿರಿ. ಮೂರು ಪ್ರಶ್ನೆ ಕೇಳಿ: ನಾನು ಉಜ್ಜುವಾಗ ಬಿಟ್ಟುಬಿಡುತ್ತಿರುವ ಜಾಗ ಯಾವುದು? ಹಲ್ಲು ಕಡಿಯುವ ಗುರುತು ಇದೆಯೇ? ನನ್ನ ಬಾಯಿಗೆ ಎಷ್ಟು ತಿಂಗಳಿಗೊಮ್ಮೆ ತಪಾಸಣೆ ಬೇಕು? ಒಸಡು ಮತ್ತು ಹಲ್ಲಿನ ನಡುವಿನ ಆಳವನ್ನು ಅಳೆದು ಹೇಳಲು ಕೇಳಿಕೊಳ್ಳಿ. ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಆರೋಗ್ಯ. ನಾಲ್ಕು ಮತ್ತು ಅದಕ್ಕಿಂತ ಹೆಚ್ಚಿದ್ದ ಜಾಗಗಳ ಮೇಲೆ ಕಣ್ಣಿಡಬೇಕು. ಆ ಅಂಕಿಗಳನ್ನು ಅದೇ ಚೀಟಿಯ ಹಿಂದೆ ದಿನಾಂಕದೊಂದಿಗೆ ಬರೆದುಕೊಂಡು ಬನ್ನಿ, ಮುಂದಿನ ಸಲ ಹೋಗುವಾಗ ಹೋಲಿಸಿ ನೋಡಲು.